ಕಾರಣದ ಪ್ರಶ್ನೆ, ಕೆಲಸದ ಉತ್ತರ

(ದಿನದ ಬದುಕಿನಲ್ಲಿ ಮತ್ತು ನೋವಿನಲ್ಲಿ ಕ್ರೈಸ್ತ ನಂಬಿಕೆಯನ್ನು ಕುರಿತ ದತ್ತಿ ಉಪನ್ಯಾಸದ ಲಿಖಿತ ರೂಪ)



ಒಂದು ಮನೆಗೆ ದೊಡ್ಡ ಕಾಯಿಲೆ ಬಂದಾಗ, ಅಕಾಲದಲ್ಲಿ ಸಾವು ಹೊಕ್ಕಾಗ ನೋಡಲು ಬಂದವರ ಬಾಯಲ್ಲಿ ಮೊದಲು ಹೊರಡುವ ಮಾತು ‘ಹೀಗೇಕಾಯಿತು?’ ಎಂಬುದು. ಪೂರ್ವಜನ್ಮದ ಫಲ ಎನ್ನುವವರುಂಟು, ಹಣೆಬರಹ ಎನ್ನುವವರುಂಟು, ಯಾರದೋ ಕಣ್ಣು ತಾಗಿತು ಎನ್ನುವವರುಂಟು. ಕ್ರೈಸ್ತರ ಮನೆಗಳಲ್ಲಿ ‘ದೇವರು ಪರೀಕ್ಷೆ ಮಾಡುತ್ತಿದ್ದಾರೆ’, ‘ಪ್ರಾರ್ಥನೆಯಲ್ಲಿ ಎಲ್ಲೋ ಕೊರತೆಯಾಗಿದೆ’ ಎಂಬ ಮಾತುಗಳು ಕೇಳಿಬರುತ್ತವೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಹಾಸಿಗೆಯಲ್ಲಿ ಮಲಗಿರುವವರ ಹೆಗಲಿಗೆ ಕಾಯಿಲೆಯ ಮೇಲೆ ಇನ್ನೊಂದು ಹೊರೆ ಬಿದ್ದಿರುತ್ತದೆ.

ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟು: ನೋವಿಗೆ ಕಾರಣ ಹೇಳುವುದು ಕ್ರೈಸ್ತ ನಂಬಿಕೆಯ ಮೂಲ ಸ್ವಭಾವವಲ್ಲ. ನೋವಿನ ಮುಂದೆ ಅದು ಮನುಷ್ಯನ ಕೈಗೆ ಕೆಲಸ ಕೊಡುತ್ತದೆ. ಆ ಕೆಲಸಕ್ಕೆ ಬೇಕಾದ ತಾಳ್ಮೆಯನ್ನು ದಿನದಿನದ ಸಣ್ಣ ಅಭ್ಯಾಸಗಳಲ್ಲಿ ಬೆಳೆಸುತ್ತದೆ. ಇದನ್ನು ಮೂರು ಕಡೆ ನೋಡೋಣ: ಬೈಬಲಿನ ಪುಟಗಳಲ್ಲಿ, ನಮ್ಮ ಕರಾವಳಿಯ ಮನೆಗಳಲ್ಲಿ, ಆಸ್ಪತ್ರೆಯ ವಾರ್ಡುಗಳಲ್ಲಿ. ಕೊನೆಗೆ ಇದೇ ನಂಬಿಕೆ ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನೂ ಹೇಳುತ್ತೇನೆ.

1. ಬೂದಿಯಲ್ಲಿ ಕುಳಿತವನು

ನೋವಿನ ಬಗ್ಗೆ ಬೈಬಲಿನಲ್ಲಿರುವ ಅತಿ ದೀರ್ಘ ವಿಚಾರ ಯೋಬನ ಗ್ರಂಥ. ಊಚ್ ದೇಶದ ಯೋಬ ನೀತಿವಂತ, ಶ್ರೀಮಂತ. ಏಳು ಸಾವಿರ ಕುರಿ, ಮೂರು ಸಾವಿರ ಒಂಟೆ, ಹತ್ತು ಮಂದಿ ಮಕ್ಕಳು. ಒಂದೇ ದಿನದಲ್ಲಿ ಎಲ್ಲವೂ ಹೋಗುತ್ತದೆ. ಆಮೇಲೆ ಅಂಗಾಲಿನಿಂದ ನಡುನೆತ್ತಿಯವರೆಗೆ ಹುಣ್ಣು. ಅವನು ಬೂದಿಯಲ್ಲಿ ಕುಳಿತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಾನೆ.

ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ದೂರದಿಂದ ಬರುತ್ತಾರೆ. ಗುರುತು ಸಿಗದಷ್ಟು ಕೆಟ್ಟಿರುವ ಗೆಳೆಯನನ್ನು ಕಂಡು ಗಟ್ಟಿಯಾಗಿ ಅಳುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಇಡೀ ಗ್ರಂಥದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೆಯ ದಿನ ಬಾಯಿ ತೆರೆದದ್ದೇ ತಡ, ಅವರು ಗೆಳೆಯರಾಗಿ ಉಳಿಯುವುದಿಲ್ಲ, ಸರ್ಕಾರಿ ವಕೀಲರಾಗುತ್ತಾರೆ. ದೇವರು ನ್ಯಾಯವಂತ, ನಿನಗೆ ಶಿಕ್ಷೆಯಾಗಿದೆ, ಆದ್ದರಿಂದ ನೀನು ಪಾಪ ಮಾಡಿರಲೇಬೇಕು: ಇದು ಅವರ ವಾದ. ಕೇಳಲು ಭಕ್ತಿಯ ಮಾತಿನಂತೆಯೇ ಇದೆ. ಯೋಬ ಒಪ್ಪುವುದಿಲ್ಲ. ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನೇ ಕಟಕಟೆಗೆ ಕರೆಯುತ್ತಾನೆ.

ಕೊನೆಯಲ್ಲಿ ಬಿರುಗಾಳಿಯೊಳಗಿಂದ ದೇವರು ಮಾತನಾಡುತ್ತಾರೆ. ಸಮುದ್ರದ ಎಲ್ಲೆ, ಹಿಮದ ಉಗ್ರಾಣ, ಕಾಡುಮೇಕೆ ಮರಿ ಹಾಕುವ ಹೊತ್ತು, ಉಷ್ಟ್ರಪಕ್ಷಿಯ ಮೊಟ್ಟೆ ಎಲ್ಲವೂ ಆ ಮಾತಿನಲ್ಲಿ ಬರುತ್ತವೆ. ಯೋಬನಿಗೆ ಏಕೆ ಹೀಗಾಯಿತು ಎಂಬುದು ಮಾತ್ರ ಬರುವುದಿಲ್ಲ. ಮೊದಲ ಎರಡು ಅಧ್ಯಾಯ ಓದಿದ ನಮಗೆ ಯೋಬನನ್ನು ಪರೀಕ್ಷಿಸುವ ಬಗ್ಗೆ ಸ್ವರ್ಗದಲ್ಲಿ ನಡೆದ ಮಾತುಕತೆ ಗೊತ್ತು. ಯೋಬನಿಗೆ ಅದನ್ನು ಯಾರೂ ಹೇಳುವುದೇ ಇಲ್ಲ. ಕಳೆದುಕೊಂಡದ್ದು ಮತ್ತೆ ದೊರೆತು ತುಂಬು ವಯಸ್ಸಿನಲ್ಲಿ ಅವನು ಸಾಯುತ್ತಾನೆ, ಕಾರಣ ತಿಳಿಯದೆಯೇ. ಇಷ್ಟಾಗಿಯೂ 42ನೆಯ ಅಧ್ಯಾಯದಲ್ಲಿ ದೇವರ ತೀರ್ಪು ಸ್ಪಷ್ಟವಾಗಿದೆ: ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದವನು ಯೋಬ, ತಪ್ಪಾಗಿ ಮಾತನಾಡಿದವರು ಆ ಗೆಳೆಯರು. ದೇವರ ಪರ ವಕಾಲತ್ತು ವಹಿಸಿದವರು ಸೋತರು, ದೇವರೊಂದಿಗೆ ಜಗಳವಾಡಿದವನು ಗೆದ್ದ. ಯೆಹೂದ್ಯರು ಮತ್ತು ಕ್ರೈಸ್ತರು ಇಂಥ ಗ್ರಂಥವನ್ನು ಪವಿತ್ರವೆಂದು ಉಳಿಸಿಕೊಂಡರು ಎಂಬುದನ್ನು ನಾವು ಹಗುರವಾಗಿ ಕಾಣಬಾರದು.

ಕೀರ್ತನೆಗಳ ಪುಸ್ತಕವೂ ಇದೇ ದಾರಿಯದು. ಅದರ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಮೊರೆಯ ಕೀರ್ತನೆಗಳು. ಹೆಚ್ಚಿನವು ಅಳುವಿನಲ್ಲಿ ಶುರುವಾಗಿ ಭರವಸೆಯಲ್ಲಿ ಮುಗಿಯುತ್ತವೆ. 88ನೆಯ ಕೀರ್ತನೆ ಹಾಗೆ ಮುಗಿಯುವುದೂ ಇಲ್ಲ. ಅದರ ಕೊನೆ ಕತ್ತಲೆಯಲ್ಲೇ. ಅದನ್ನೂ ಆರಾಧನೆಯಲ್ಲಿ ಓದುತ್ತಾರೆ. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮೊರೆಯನ್ನು. ಅದರ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ನೋವಿನ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡಿದ್ದನು, ತೊಲಗಲಿಲ್ಲ. ಅಪೊಸ್ತಲ ಪೌಲನಿಗೆ ಶರೀರದಲ್ಲಿ ಒಂದು ಶೂಲವಿತ್ತು. ತೆಗೆದುಬಿಡು ಎಂದು ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ಪ್ರಾರ್ಥನೆ ಸಾಕಾಗಲಿಲ್ಲ ಎಂದು ರೋಗಿಯನ್ನು ಗದರಿಸುವವರು ಈ ಇಬ್ಬರ ಬಗ್ಗೆ ಏನು ಹೇಳುತ್ತಾರೆ?

2. ಯಾರ ಪಾಪ?

ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬ ದಾರಿಯಲ್ಲಿ ಸಿಗುತ್ತಾನೆ. ಶಿಷ್ಯರು ಗುರುವನ್ನು ಕೇಳುತ್ತಾರೆ: ಇವನು ಕುರುಡನಾಗಿ ಹುಟ್ಟಲು ಯಾರ ಪಾಪ ಕಾರಣ, ಇವನದೋ ತಂದೆತಾಯಿಯದೋ? ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಇವನಲ್ಲಿ ದೇವರ ಕೆಲಸ ಕಾಣಬೇಕಾಗಿದೆ, ಹಗಲಿರುವಾಗಲೇ ಆ ಕೆಲಸ ಮಾಡಬೇಕು ಎನ್ನುತ್ತಾನೆ. ಪ್ರಶ್ನೆ ಹಿಂದಕ್ಕೆ ನೋಡುತ್ತಿತ್ತು. ಉತ್ತರ ಅದನ್ನು ಮುಂದಕ್ಕೆ ತಿರುಗಿಸಿತು. ಅಲ್ಲಿಗೆ ಉಪದೇಶ ನಿಂತಿತು. ಯೇಸು ನೆಲಕ್ಕೆ ಉಗುಳಿ, ಕೆಸರು ಮಾಡಿ, ಕಣ್ಣಿಗೆ ಹಚ್ಚಿ, ಸಿಲೋವ ಕೊಳಕ್ಕೆ ಹೋಗಿ ತೊಳೆದುಕೋ ಎಂದು ಕಳಿಸಿದನು.

ಲೂಕನ ಸುವಾರ್ತೆಯಲ್ಲಿ ಇದಕ್ಕೆ ಜೊತೆಯಾಗುವ ಮಾತಿದೆ. ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತಿದ್ದರು. ಅವರೇನು ಊರಿನ ಉಳಿದೆಲ್ಲರಿಗಿಂತ ಹೆಚ್ಚು ಪಾಪಿಗಳೇ ಎಂದು ಯೇಸು ತಾನೇ ಕೇಳಿ, ಇಲ್ಲ ಎಂದು ತಾನೇ ಉತ್ತರ ಕೊಡುತ್ತಾನೆ. ಅಪಘಾತದಲ್ಲಿ ಸತ್ತವರ ಪಾಪದ ಲೆಕ್ಕ ಹಾಕುವುದನ್ನು ಇದಕ್ಕಿಂತ ನೇರವಾಗಿ ನಿಲ್ಲಿಸಲಾಗದು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ಕಡೆಯ ತೀರ್ಪಿನಲ್ಲೂ ಹಸಿದವರಿಗೆ ಊಟ ಕೊಟ್ಟೆಯಾ, ರೋಗಿಯನ್ನು ನೋಡಲು ಹೋದೆಯಾ, ಸೆರೆಮನೆಗೆ ಹೋದೆಯಾ ಎಂಬುದೇ ಪ್ರಶ್ನೆ. ಕಾಯಕ ಎಂಬ ಮಾತನ್ನು ಬಾಳಿನ ಅಳತೆಗೋಲಾಗಿ ಬಳಸಿದ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

3. ಮನೆಯೊಳಗಿನ ನಂಬಿಕೆ

ಕಷ್ಟ ಬಂದ ದಿನ ನಂಬಿಕೆಯನ್ನು ಹೊಸದಾಗಿ ಕಲಿಯಲು ಆಗುವುದಿಲ್ಲ. ಅದು ಮೊದಲೇ ಮೈಗೂಡಿರಬೇಕು. ಮಂಗಳೂರು ಕಡೆಯ ಕಥೋಲಿಕ ಮನೆಗಳಲ್ಲಿ ಸಂಜೆಯಾದರೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ. ಮಕ್ಕಳಿಗೆ ನಿದ್ದೆ, ಯುವಕರಿಗೆ ಮೊಬೈಲಿನ ಮೇಲೆ ಗಮನ, ಅಜ್ಜಿಯೊಬ್ಬರದೇ ಗಟ್ಟಿ ದನಿ. ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಬಂದು ‘ಬೆಸಾಂವ್’ ಬೇಡುತ್ತಾರೆ. ಬೆಳಿಗ್ಗೆ ಜಗಳವಾಡಿದ ಮಗನೂ ಸಂಜೆ ಅಪ್ಪನ ಆಶೀರ್ವಾದಕ್ಕೆ ಕೈಮುಗಿಯಲೇಬೇಕು. ದಿನಕ್ಕೊಂದು ಸಂಧಾನ. ಸೆಪ್ಟೆಂಬರ್ 8ರ ಮೋಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಇಗರ್ಜಿಯಲ್ಲಿ ಹರಸಿ ಮನೆಗೆ ತರುತ್ತಾರೆ. ಮನೆಯವರೆಲ್ಲ ಸೇರಿ ಹೊಸಕ್ಕಿ ಊಟ, ಮೀನು ಮಾಂಸವಿಲ್ಲದೆ. ದೂರದ ಊರಿನಲ್ಲಿರುವ ಮಕ್ಕಳಿಗೆ ತೆನೆಯ ಕಾಳುಗಳು ಅಂಚೆಯಲ್ಲೂ ಹೋಗುತ್ತವೆ. ಪ್ರಾಟೆಸ್ಟೆಂಟ್ ಮನೆಗಳಲ್ಲಿ ಇದರ ಜಾಗದಲ್ಲಿ ಕುಟುಂಬ ಪ್ರಾರ್ಥನೆ ಇದೆ: ಒಂದು ಅಧ್ಯಾಯದ ಓದು, ಒಂದು ಗೀತೆ, ಮನೆಯವರ ಹೆಸರು ಹೇಳಿ ಬೇಡಿಕೆ.

ಹೊರಗಿನಿಂದ ನೋಡಿದರೆ ಇವೆಲ್ಲ ಬರಿಯ ರೂಢಿ. ಒಳಗಿರುವವರಿಗೂ ಎಷ್ಟೋ ದಿನ ಹಾಗೆಯೇ ಅನಿಸುತ್ತದೆ. ರೂಢಿಯ ಬೆಲೆ ತಿಳಿಯುವುದು ಸ್ವಂತ ಮಾತು ಹುಟ್ಟದ ದಿನ. ಹೆಣದ ಮುಂದೆ ಕುಳಿತ ತಾಯಿಗೆ ಪ್ರಾರ್ಥನೆ ಕಟ್ಟಲು ಬರುವುದಿಲ್ಲ. ಬಾಯಿಗೆ ಪಾಠವಾದ ಮಾತು ತಾನಾಗಿ ಬರುತ್ತದೆ. ಅದೂ ಬಾರದಿದ್ದರೆ ಪಕ್ಕದಲ್ಲಿ ಕುಳಿತವರು ಆಕೆಯ ಪರವಾಗಿ ಹೇಳುತ್ತಾರೆ. ನಂಬಿಕೆ ಒಬ್ಬೊಬ್ಬರ ಎದೆಗಾರಿಕೆ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ಕಷ್ಟದಲ್ಲಿ ಅದು ಸಾಲದ ರೂಪದಲ್ಲಿ ಓಡಾಡುತ್ತದೆ; ಇಂದು ಇಲ್ಲದವರಿಗೆ ಇದ್ದವರು ಕೊಡುತ್ತಾರೆ.

ಕರಾವಳಿಯ ಕ್ರೈಸ್ತರಿಗೆ ಇದರ ಅತಿ ಕಠಿಣ ಅನುಭವ ಆದದ್ದು 1784ರಿಂದ 1799ರವರೆಗೆ. ಕೆನರಾದ ಕಥೋಲಿಕರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಹೋದವರ ಸಂಖ್ಯೆಯ ಬಗ್ಗೆ, ಇದರ ರಾಜಕೀಯ ಕಾರಣಗಳ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ. ಆ ವಾದವನ್ನು ಇಲ್ಲಿ ಎಳೆಯುವುದಿಲ್ಲ, ಅದನ್ನು ಇಂದಿನ ದ್ವೇಷಕ್ಕೆ ಸೌದೆ ಮಾಡುವುದೂ ಸಲ್ಲದು. ನನಗೆ ಮುಖ್ಯವಾದುದು ಬೇರೆ. ಗುರುಗಳನ್ನು ಗೋವೆಯ ಕಡೆಗೆ ಅಟ್ಟಲಾಗಿತ್ತು, ಇಗರ್ಜಿಗಳು ಬಿದ್ದಿದ್ದವು. ಬಲಿಪೂಜೆಯಿಲ್ಲದ ಹದಿನೈದು ವರ್ಷಗಳಲ್ಲಿ ಪ್ರಾರ್ಥನೆಯನ್ನು ಉಳಿಸಿಕೊಳ್ಳಬೇಕಾದವರು ಸಾಮಾನ್ಯ ಮನೆಯವರು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರಿಗೆ ಮರಳಿ ಗದ್ದೆ ಉತ್ತರು, ಇಗರ್ಜಿ ಕಟ್ಟಿದರು. ಮೈಸೂರು ಸೀಮೆಯಲ್ಲಿ ಚದುರಿದ ಕ್ರೈಸ್ತರ ನಡುವೆ ಕೆಲಸಕ್ಕೆ ಬಂದ ಫ್ರೆಂಚ್ ಗುರು ಅಬ್ಬೆ ದುಬಾಯ್ ಪೂಜೆ ನಡೆಸುವುದರ ಜೊತೆಗೆ ಊರೂರಿನಲ್ಲಿ ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಓಡಾಡಿದರು. ಅಲ್ಲಿಯೂ ಪ್ರಾರ್ಥನೆ ಮತ್ತು ಕೆಲಸ ಬೇರೆಯಾಗಲಿಲ್ಲ.

4. ವಾರ್ಡಿನೊಳಗಿನ ನಂಬಿಕೆ

ಜರ್ಮನಿಯ ಜೆಸ್ವಿಟ್ ಗುರು ಆಗಸ್ಟಸ್ ಮುಲ್ಲರ್ 1878ರ ಕೊನೆಗೆ ಮಂಗಳೂರಿಗೆ ಬಂದರು. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ, ಜೊತೆಗೆ ಒಂದು ಹೋಮಿಯೋಪತಿ ಔಷಧದ ಪೆಟ್ಟಿಗೆ. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯ ಶುರುವಾಯಿತು. ಔಷಧ ಮಾರಿ ಬಂದ ಹಣದಿಂದ ಬಡವರ ಆರೈಕೆ ನಡೆಯಿತು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಮನೆಯವರೇ ಹೊರಗಟ್ಟಿದವರಿಗೆ ಅಲ್ಲಿ ಮಲಗಲು ಜಾಗ, ಹುಣ್ಣು ತೊಳೆಯುವ ಕೈ ಸಿಕ್ಕಿತು. 1910ರಲ್ಲಿ ಮುಲ್ಲರ್ ತೀರಿಕೊಂಡರು. ಇಂದು ಅಲ್ಲಿ ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆ ಇವೆ; ಕರಾವಳಿಯ ಎಲ್ಲ ಜಾತಿಮತದವರಿಗೂ ಅದು ‘ಫಾದರ್ ಮುಲ್ಲರ್ಸ್’.

ಕುಷ್ಠರೋಗ ಎಂದ ಮೇಲೆ ವೆಲ್ಲೂರಿನ ಮಾತು ಬರಲೇಬೇಕು. ಕರ್ನಾಟಕದಿಂದ ಎಷ್ಟೋ ಕುಟುಂಬಗಳು ಕಡೆಯ ಆಸೆಯಿಂದ ರೈಲು ಹತ್ತುವ ಊರು ಅದು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಬೆಳೆದದ್ದು ಡಾ. ಐಡಾ ಸ್ಕಡರ್ 1900ರಲ್ಲಿ ತೆರೆದ ಒಂದೇ ಹಾಸಿಗೆಯ ಚಿಕಿತ್ಸಾಲಯದಿಂದ. 1946ರಲ್ಲಿ ಅಲ್ಲಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗೆ ಹುಟ್ಟಿದವರು. ಕುಷ್ಠದಲ್ಲಿ ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂದು ಆಗ ವೈದ್ಯರೂ ನಂಬಿದ್ದರು. ಒಮ್ಮೆ ಒಂದು ತುಕ್ಕು ಹಿಡಿದ ಬೀಗವನ್ನು ಬ್ರಾಂಡ್ ತಿರುಗಿಸಲಾರದೆ ನಿಂತಾಗ ರೋಗಿ ಹುಡುಗನೊಬ್ಬ ಬರಿಗೈಯಲ್ಲಿ ತಿರುಗಿಸಿಬಿಟ್ಟ. ನೋಡಿದರೆ ಅವನ ಬೆರಳು ಮೂಳೆ ಕಾಣುವಷ್ಟು ಕೊಯ್ದುಹೋಗಿತ್ತು. ಹುಡುಗನಿಗೆ ಗೊತ್ತೇ ಆಗಿರಲಿಲ್ಲ. ರೋಗ ಕೊಲ್ಲುತ್ತಿದ್ದದ್ದು ನರಗಳನ್ನು, ನೋವಿನ ಅರಿವನ್ನು. ಬಿಸಿ ಪಾತ್ರೆ, ಚಪ್ಪಲಿಯೊಳಗಿನ ಮೊಳೆ, ರಾತ್ರಿ ಬೆರಳು ಕಚ್ಚುವ ಇಲಿ ಉಳಿದ ಹಾನಿ ಮಾಡುತ್ತಿದ್ದವು. ಬ್ರಾಂಡ್ ರೋಗಿಗಳಿಗೆ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸಿದರು, ಮಲಗುವಾಗ ಜೊತೆಗಿರಲಿ ಎಂದು ಬೆಕ್ಕು ಕೊಡಿಸಿದರು. ಮುಂಗೈಯ ಸ್ನಾಯುರಜ್ಜುಗಳನ್ನು ಸ್ಥಳಾಂತರಿಸಿ, ಮಡಚಿಕೊಂಡ ಬೆರಳುಗಳು ಮತ್ತೆ ಅನ್ನ ಕಲಸುವಂತೆ, ಉಳಿ ಹಿಡಿಯುವಂತೆ ಮಾಡಿದರು.

ನೋವು ದೇಹಕ್ಕೆ ದೇವರು ಕೊಟ್ಟ ಕಾವಲು ಎಂದು ಬ್ರಾಂಡ್ ಮುಂದೆ ಬರೆದರು. ಈ ಮಾತನ್ನು ಎಚ್ಚರದಿಂದ ತೆಗೆದುಕೊಳ್ಳಬೇಕು. ಎಲ್ಲ ನೋವೂ ಕಾವಲು ಕಾಯುವುದಿಲ್ಲ. ಅರ್ಬುದದ ಕೊನೆಯ ಹಂತದ ನೋವು ಯಾರನ್ನೂ ಯಾವುದರಿಂದಲೂ ಉಳಿಸದು. ಆದರೆ ಬ್ರಾಂಡ್ ಈ ಮಾತನ್ನು ಕುರ್ಚಿಯಲ್ಲಿ ಕುಳಿತು ಕಂಡುಕೊಳ್ಳಲಿಲ್ಲ. ಯಾರೂ ಮುಟ್ಟದ ಕೈಗಳನ್ನು ವರ್ಷಗಟ್ಟಲೆ ಹಿಡಿದು ನೋಡಿ ಕಂಡುಕೊಂಡರು. ಕೆಲಸ ಮೊದಲು, ಅರ್ಥ ಆಮೇಲೆ. ಯೋಬನ ಗೆಳೆಯರು ಇದನ್ನು ಹಿಂದುಮುಂದು ಮಾಡಿದ್ದರು.

ಇದೇ ವೆಲ್ಲೂರಿನ ಯುವ ವೈದ್ಯೆ ಮೇರಿ ವರ್ಗೀಸ್. 1954ರ ಜನವರಿಯಲ್ಲಿ ಸಹೋದ್ಯೋಗಿಗಳೊಂದಿಗೆ ಹೋಗುತ್ತಿದ್ದ ವಾಹನ ಅಪಘಾತಕ್ಕೀಡಾಗಿ ಆಕೆಯ ಮುಖಕ್ಕೆ ಗಾಯ, ಬೆನ್ನುಹುರಿಗೆ ಪೆಟ್ಟು. ಸೊಂಟದಿಂದ ಕೆಳಗೆ ಚಲನೆ ಹೋಯಿತು. ಹೆರಿಗೆ ವೈದ್ಯೆಯಾಗಬೇಕೆಂದಿದ್ದವರಿಗೆ ಇನ್ನು ನಿಲ್ಲುವಂತೆಯೇ ಇಲ್ಲ. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು ಎಂದು ಬ್ರಾಂಡ್ ಸೂಚಿಸಿದರು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸಿದರು. ಮುಂದೆ ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯಕೀಯ ಕಲಿತು ಬಂದು ವೆಲ್ಲೂರಿನಲ್ಲಿ ಅದರ ವಿಭಾಗದ ಹೊಣೆ ಹೊತ್ತರು. ಬೆನ್ನುಹುರಿ ಮುರಿದವರಿಗೆ ಹಾಸಿಗೆಯಲ್ಲೇ ಸಾವು ಎಂದಿದ್ದ ಕಾಲದಲ್ಲಿ, ಅವರು ಮನೆಗೆ ಮರಳಿ ದುಡಿದು ಉಣ್ಣುವಂತೆ ತರಬೇತಿ ಕೊಡುವ ಸಂಸ್ಥೆ 1966ರಲ್ಲಿ ಅಲ್ಲಿ ತಲೆಯೆತ್ತಿತು. 1972ರಲ್ಲಿ ಆಕೆಗೆ ಪದ್ಮಶ್ರೀ ಬಂತು. ‘ಇದಕ್ಕಾಗಿಯೇ ದೇವರು ಆಕೆಯ ಬೆನ್ನು ಮುರಿದರು’ ಎಂದು ನಾನು ಹೇಳಲಾರೆ, ಹಾಗೆ ಹೇಳುವುದು ಕ್ರೌರ್ಯ. ಮುರಿದ ಬೆನ್ನನ್ನು ಇಟ್ಟುಕೊಂಡು ಆಕೆ ಮಾಡಿದ ಕೆಲಸದಲ್ಲಿ ಆಕೆಯ ನಂಬಿಕೆ ಕಾಣುತ್ತದೆ ಎಂದಷ್ಟೇ ಹೇಳಬಲ್ಲೆ.

ನಂಬಿಕೆ ಎಂದರೆ ಸದಾ ಒಳಗೆ ಬೆಳಕಿರುವುದು ಎಂದು ತಿಳಿದವರಿಗೆ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು ಆಘಾತ ತಂದವು. ಅವು ಪುಸ್ತಕವಾಗಿ ಹೊರಬಂದದ್ದು 2007ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷದ ಮೇಲೆ. ದಶಕಗಳ ಕಾಲ ದೇವರ ಸನ್ನಿಧಿಯ ಅನುಭವವೇ ತಮಗಿರಲಿಲ್ಲ ಎಂದು ಅವರು ತಮ್ಮ ಆತ್ಮಸಲಹೆಗಾರರಿಗೆ ಬರೆದಿದ್ದರು. ಕೆಲವರು ಇದನ್ನು ಬೂಟಾಟಿಕೆ ಎಂದರು. ನನಗೆ ಹಾಗೆ ಕಾಣುವುದಿಲ್ಲ. ಒಳಗೆ ಕತ್ತಲಿದ್ದರೂ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕುಳಿತು, ಆಮೇಲೆ ಸಾಯುತ್ತಿರುವವರ ಬಾಯಿಗೆ ನೀರು ಬಿಡಲು ಹೋಗುವುದು 88ನೆಯ ಕೀರ್ತನೆಯನ್ನು ಬದುಕಿದ ರೀತಿ.

5. ನಂಬಿಕೆ ದಾರಿ ತಪ್ಪುವ ಕಡೆ

ಇಷ್ಟು ಹೇಳಿದವನು ಇನ್ನೊಂದು ಮಗ್ಗುಲನ್ನೂ ತೋರಿಸಬೇಕು. ‘ನಿನ್ನ ಶಿಲುಬೆಯನ್ನು ನೀನು ಹೊರಬೇಕು’ ಎಂಬ ಉಪದೇಶವನ್ನು ಕುಡಿದು ಹೊಡೆಯುವ ಗಂಡನ ಹೆಂಡತಿಗೆ ಹೇಳಿ ಮನೆಗೆ ಕಳಿಸಿದ ಸಭಾಪಾಲಕರು, ಗುರುಗಳು, ಹಿರಿಯರು ಎಲ್ಲ ಪಂಗಡಗಳಲ್ಲೂ ಇದ್ದಾರೆ. ಯೇಸು ತಾನಾಗಿ ಹೊತ್ತ ಶಿಲುಬೆಯನ್ನು ಇನ್ನೊಬ್ಬರ ಹೆಗಲಿಗೆ ಬಲವಂತವಾಗಿ ಏರಿಸುವವರು ರೋಮನ್ ಸಿಪಾಯಿಗಳ ಸಾಲಿನಲ್ಲಿ ನಿಲ್ಲುತ್ತಾರೆ. ಹೊಡೆತ ಸಹಿಸಬೇಕಾದ ನೋವಲ್ಲ, ನಿಲ್ಲಿಸಬೇಕಾದ ಅಪರಾಧ.

ಜಾತಿಯ ನೋವೂ ಹಾಗೆಯೇ. ಪ್ರಭುಭೋಜನದ ಮೇಜಿನ ಸುತ್ತ ಎಲ್ಲರೂ ಒಂದೇ ಎನ್ನುವ ಸಭೆಗಳಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಸಾಲು, ಕೆಲವೆಡೆ ಬೇರೆ ಸ್ಮಶಾನ ಇದ್ದದ್ದು ದಕ್ಷಿಣ ಭಾರತದ ಚರ್ಚಿನ ಚರಿತ್ರೆಯ ಕಪ್ಪು ಪುಟ. ಇತ್ತ ಪರಿಶಿಷ್ಟ ಜಾತಿಗಳ 1950ರ ಆದೇಶ ಅವರನ್ನು ಪಟ್ಟಿಯ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ತೆರೆದ ಬಾಗಿಲು ಅವರಿಗೆ ಇನ್ನೂ ತೆರೆದಿಲ್ಲ. ಈ ನೋವಿಗೆ ಕಾರಣ ಹುಡುಕುತ್ತ ಆಕಾಶ ನೋಡಬೇಕಿಲ್ಲ, ಕಾರಣ ನಮ್ಮ ನಡುವೆಯೇ ಕುಳಿತಿದೆ.

ಮೂರನೆಯದು ರೋಗ ಗುಣಪಡಿಸುವ ಪ್ರಾರ್ಥನಾಕೂಟಗಳ ಅತಿರೇಕ. ನಂಬಿಕೆ ಇದ್ದರೆ ಮಾತ್ರೆ ಬೇಡ ಎಂದು ಸಕ್ಕರೆ ಕಾಯಿಲೆಯವರಿಂದ, ಅಪಸ್ಮಾರದವರಿಂದ ಔಷಧ ಬಿಡಿಸುವುದು, ಗುಣವಾಗದಿದ್ದರೆ ನಿನ್ನ ನಂಬಿಕೆಯೇ ಸಾಲದು ಎನ್ನುವುದು ಎಲೀಫಜನ ವಾದದ ಹೊಸ ಆವೃತ್ತಿ. ಪ್ರಾರ್ಥಿಸಬೇಡಿ ಎಂದು ಯಾರೂ ಹೇಳುತ್ತಿಲ್ಲ. ಕೈಯಿಟ್ಟು ಪ್ರಾರ್ಥಿಸಿ, ಅದೇ ಕೈಯಿಂದ ಮಾತ್ರೆ ಮತ್ತು ನೀರನ್ನೂ ಕೊಡಿ.

6. ಕೇಳುಗರಲ್ಲಿ ಒಂದು ಬೇಡಿಕೆ

ಸಿಸಿಲಿ ಸಾಂಡರ್ಸ್ ಎಂಬ ಇಂಗ್ಲಿಷ್ ವೈದ್ಯೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಗುಣವಾಗದವರ ಆರೈಕೆ ಇಂದು ವೈದ್ಯಕೀಯದ ಒಂದು ಶಾಖೆಯಾಗಿ ನಿಂತಿರುವುದಕ್ಕೆ ಆ ಸಂಸ್ಥೆಯ ಪಾಲು ದೊಡ್ಡದು. ದಾದಿಯಾಗಿ, ಆಸ್ಪತ್ರೆಯ ಸಮಾಜಸೇವಕಿಯಾಗಿ ದುಡಿದು, ಆಮೇಲೆ ವೈದ್ಯೆಯಾದ ಅವರು ದೃಢ ಕ್ರೈಸ್ತರು. ಸಾಯುತ್ತಿರುವವನ ನೋವು ದೇಹದ್ದು ಮಾತ್ರವಲ್ಲ. ಮನಸ್ಸಿನದು, ಮನೆಯದು, ದುಡ್ಡಿನದು, ದೇವರ ಬಗೆಗಿನ ಭಯದ್ದೂ ಹೌದು ಎಂದು ಅವರು ತೋರಿಸಿಕೊಟ್ಟರು. ಮೊದಲು ಮಾಡಬೇಕಾದದ್ದು ಔಷಧ ಕೊಟ್ಟು ದೇಹದ ನೋವು ಇಳಿಸುವುದು, ಆಮೇಲೆ ಕೂತು ಕೇಳುವುದು ಎಂಬುದು ಅವರ ಕ್ರಮ.

ಈ ಕ್ರಮವನ್ನು ಅನುಸರಿಸಲು ನಾವು ವೈದ್ಯರಾಗಬೇಕಿಲ್ಲ, ಕ್ರೈಸ್ತರೂ ಆಗಬೇಕಿಲ್ಲ. ರೋಗಿಯ ಮನೆಗೆ ಹೋದಾಗ ಕಾರಣ ಹೇಳಬೇಡಿ, ನಿಮ್ಮ ಸಂಬಂಧಿಕರೊಬ್ಬರಿಗೆ ಹೀಗೇ ಆಗಿತ್ತು ಎಂಬ ಕಥೆಯನ್ನೂ ಹೇಳಬೇಡಿ. ಗಂಜಿ ತೆಗೆದುಕೊಂಡು ಹೋಗಿ. ಔಷಧದಂಗಡಿಯ ಸಾಲಿನಲ್ಲಿ ಅವರ ಪರವಾಗಿ ನಿಲ್ಲಿ. ರಾತ್ರಿ ಕಾಯುವ ಮಗಳನ್ನು ಮಲಗಲು ಕಳಿಸಿ ನೀವು ಕೂರಿ. ಮೊದಲ ವಾರ ಎಲ್ಲರೂ ಬರುತ್ತಾರೆ, ಮೂರನೆಯ ತಿಂಗಳಲ್ಲಿ ಬಾಗಿಲು ತಟ್ಟುವವರು ಇರುವುದಿಲ್ಲ; ಆಗ ಹೋಗಿ. ರೋಗಿ ದೇವರನ್ನು ಬೈದರೆ ತಡೆಯಬೇಡಿ, ಯೋಬನ ಪರವಾಗಿ ತೀರ್ಪು ಬಂದಿದೆ.

ನಮ್ಮ ಸಭೆಗಳಿಗೂ ಧರ್ಮಕೇಂದ್ರಗಳಿಗೂ ಒಂದು ಮಾತು. ಜಾತ್ರೆ, ಹಬ್ಬ, ಹೊಸ ಕಟ್ಟಡಗಳ ಲೆಕ್ಕಪತ್ರದಲ್ಲಿ ಹಾಸಿಗೆ ಹಿಡಿದವರ ಆರೈಕೆಗೆ, ಅವರನ್ನು ನೋಡಿಕೊಳ್ಳುವ ಮನೆಯವರ ಬಿಡುವಿಗೆ ಒಂದು ಸಾಲು ಸೇರಿಸಿ. ಮನೆಮನೆಗೆ ಹೋಗಿ ಹುಣ್ಣು ತೊಳೆಯಬಲ್ಲ ಒಬ್ಬ ದಾದಿಗೆ ಸಂಬಳ ಕೊಡಿ. ಎಷ್ಟು ಜನ ಆರಾಧನೆಗೆ ಬಂದರು ಎಂದು ಬರೆದಿಡುವ ಪುಸ್ತಕದ ಪಕ್ಕದಲ್ಲೇ, ಬರಲಾಗದವರ ಮನೆಗೆ ಎಷ್ಟು ಜನ ಹೋದರು ಎಂದು ಬರೆಯುವ ಇನ್ನೊಂದು ಪುಸ್ತಕ ಇಡಿ. ಕ್ರೈಸ್ತ ನಂಬಿಕೆ ಈ ನಾಡಿನಲ್ಲಿ ಬದುಕಿದೆಯೇ ಎಂದು ಯಾರಾದರೂ ಕೇಳಿದರೆ ತೋರಿಸಬೇಕಾದದ್ದು ಆ ಎರಡನೆಯ ಪುಸ್ತಕವನ್ನು.